ಓದುಗರ ಪ್ರಶ್ನೆಗೆ ಉತ್ತರ: ಅಡುಗೆಮನೆಯಲ್ಲಿ ಹುಟ್ಟಿದ ಸಾಧನಕ್ಕೆ ಪೇಟೆಂಟ್

ಮನೆಬಳಕೆಯ ವಸ್ತುಗಳ ಪೇಟೆಂಟ್ ಕುರಿತು ಓದುಗರು ಬರೆದ ಪತ್ರಗಳಿಂದ ಆರನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಡೆ ಮಳೆಗಾಲ ಮುಗಿಯುವವರೆಗೆ ಹಪ್ಪಳ, ಸಂಡಿಗೆ, ಹಲಸಿನಕಾಯಿ ಚಿಪ್ಸ್ ಯಾವುದೂ ಗರಿಗರಿಯಾಗಿ ಉಳಿಯುವುದಿಲ್ಲ. ಇದಕ್ಕಾಗಿ ನಾನೊಂದು ಡಬ್ಬಿ ಮಾಡಿಸಿದ್ದೇನೆ. ಮುಚ್ಚಳದ ಒಳಬದಿಯಲ್ಲಿ ತೂತುಗಳಿರುವ ಸಣ್ಣ ಬಟ್ಟಲಿದ್ದು, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿವೆ. ಮುಚ್ಚಳವನ್ನು ತಿರುಗಿಸಿ ತೆಗೆಯುವಾಗ ಒಂದು ತಟ್ಟೆ ತಾನಾಗಿಯೇ ಸರಿದು ತೂತುಗಳನ್ನು ಮುಚ್ಚುತ್ತದೆ, ಮತ್ತೆ ತಿರುಗಿಸಿ ಹಾಕಿದಾಗ ತೆರೆದುಕೊಳ್ಳುತ್ತದೆ. ಆದ್ದರಿಂದ ಹರಳುಗಳು ಅಡುಗೆಮನೆಯ ತೇವವನ್ನು ಹೀರಿ ಬೇಗ ಸೋತುಹೋಗುವುದಿಲ್ಲ. ತಟ್ಟೆ ಸರಿಯಲು ಮುಚ್ಚಳದಲ್ಲಿ ಓರೆಯಾದ ತೋಡೊಂದಿರಲಿ ಎಂದು ಸೂಚಿಸಿದವರು ಮಾದರಿ ಮಾಡಿಕೊಟ್ಟ ಕೆಲಸಗಾರರು. ಮಹಿಳಾ ಮಂಡಳದ ಗೆಳತಿಯರು ಡಬ್ಬಿಯನ್ನು ಹೊರಗಿನಿಂದ ನೋಡಿದ್ದಾರೆಯೇ ಹೊರತು ಒಳಗಿನ ರಚನೆಯನ್ನು ಯಾರೂ ಕಂಡಿಲ್ಲ. ಮಗ ಇದರ ವೀಡಿಯೊ ಮಾಡಿ ಹಾಕೋಣ ಎನ್ನುತ್ತಿದ್ದಾನೆ. ಇಂತಹ ಚಿಕ್ಕ ವಸ್ತುವಿಗೂ ಪೇಟೆಂಟ್ ಸಿಗುತ್ತದೆಯೇ?
— ಗೃಹಿಣಿ, ಶಿರಸಿ

ಉತ್ತರ: ಮೊದಲಿಗೆ, ವೀಡಿಯೊವನ್ನು ದಯವಿಟ್ಟು ತಡೆಯಿರಿ. ಅರ್ಜಿ ಸಲ್ಲಿಸಿ ದಿನಾಂಕ ದೊರೆಯುವವರೆಗೆ ಅದು ಮಗನ ಫೋನಿನಲ್ಲೇ ಇರಲಿ, ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೂ ಹೋಗುವುದು ಬೇಡ. ಭಾರತದ ಪೇಟೆಂಟ್ ಕಾಯ್ದೆಯಲ್ಲಿ (1970) ಹೊಸತನ ಎಂದರೆ ಅರ್ಜಿಯ ದಿನಕ್ಕೆ ಮುಂಚೆ ಆ ವಿಷಯವು ಜಗತ್ತಿನ ಎಲ್ಲಿಯೂ ಪ್ರಕಟವಾಗಿರಬಾರದು ಎಂದರ್ಥ. ಪ್ರಕಟಿಸಿದವರು ಸ್ವತಃ ನೀವೇ ಆಗಿದ್ದರೂ ವಿನಾಯಿತಿ ಬಹಳ ಕಡಿಮೆ. ವಸ್ತುಪ್ರದರ್ಶನದಲ್ಲಿ ಇಟ್ಟರೆ ಹನ್ನೆರಡು ತಿಂಗಳ ರಕ್ಷಣೆ ಇದೆ ಎಂದು ಕೆಲವರು ಹೇಳುವುದುಂಟು. ಆ ರಕ್ಷಣೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗುರುತಿಸಿದ ಪ್ರದರ್ಶನಗಳಿಗೆ ಮಾತ್ರ ಅನ್ವಯಿಸುತ್ತದೆ, ಊರಿನ ಜಾತ್ರೆಯ ಮಳಿಗೆಗೆ ಅಲ್ಲ. ನಿಮ್ಮ ಗೆಳತಿಯರು ಒಳಗಿನ ರಚನೆಯನ್ನು ನೋಡಿಲ್ಲವಾದ್ದರಿಂದ ನೀವು ಇನ್ನೂ ಸುರಕ್ಷಿತರಾಗಿದ್ದೀರಿ.

ವಸ್ತು ಚಿಕ್ಕದು ಎಂಬ ಕಾರಣಕ್ಕೆ ಕಾನೂನು ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ಅದು ಕೇಳುವುದು ಮೂರು ಪ್ರಶ್ನೆಗಳನ್ನು: ವಸ್ತು ಹೊಸದೇ, ಅದನ್ನು ತಯಾರಿಸಿ ಬಳಸಲು ಸಾಧ್ಯವೇ, ಮತ್ತು ಆ ಕಸುಬನ್ನು ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯದಂತಹ ಹೆಜ್ಜೆಯೊಂದು ಅದರಲ್ಲಿದೆಯೇ? ಮನೆಬಳಕೆಯ ವಸ್ತುಗಳು ಎಡವುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಕಾಯ್ದೆಯ 3ನೆಯ ಕಲಮಿನ (ಎಫ್) ಭಾಗದ ಪ್ರಕಾರ, ಈಗಾಗಲೇ ಗೊತ್ತಿರುವ ಸಾಧನಗಳನ್ನು ಒಟ್ಟಿಗೆ ಜೋಡಿಸಿದ ಮೇಲೂ ಅವು ತಮ್ಮ ತಮ್ಮ ಹಳೆಯ ಕೆಲಸವನ್ನೇ ಬೇರೆ ಬೇರೆಯಾಗಿ ಮಾಡುತ್ತಿದ್ದರೆ ಅಂತಹ ಜೋಡಣೆ ಆವಿಷ್ಕಾರವಲ್ಲ. ಡಬ್ಬಿಯ ಪಕ್ಕಕ್ಕೆ ಒಂದು ಚಮಚ ಸಿಕ್ಕಿಸುವ ಕೊಂಡಿ ಇಟ್ಟರೆ ಡಬ್ಬಿ ಡಬ್ಬಿಯೇ, ಚಮಚ ಚಮಚವೇ. ನಿಮ್ಮ ಮುಚ್ಚಳದ ಸಂಗತಿ ಹಾಗಲ್ಲ. ಮುಚ್ಚಳದ ತಿರುಗುವಿಕೆಯೇ ತಟ್ಟೆಯನ್ನು ಸರಿಸುತ್ತದೆ, ತಟ್ಟೆಯ ಸರಿಯುವಿಕೆಯೇ ಹರಳಿನ ಆಯುಷ್ಯವನ್ನು ಉಳಿಸುತ್ತದೆ. ಒಂದು ಭಾಗವನ್ನು ತೆಗೆದರೆ ಉಳಿದವುಗಳ ಉದ್ದೇಶವೇ ಕೆಡುತ್ತದೆ. ಈ ಪರಸ್ಪರ ಅವಲಂಬನೆಯನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಸಾಧ್ಯವಾದರೆ, ತಟ್ಟೆ ಇರುವ ಮತ್ತು ಇಲ್ಲದ ಎರಡು ಡಬ್ಬಿಗಳಲ್ಲಿ ಒಂದೇ ತೂಕದ ಹರಳನ್ನಿಟ್ಟು, ಎರಡನ್ನೂ ದಿನಕ್ಕೆ ಇಂತಿಷ್ಟು ಬಾರಿ ತೆರೆದು, ಹರಳಿನ ತೂಕ ಎಷ್ಟು ಹೆಚ್ಚಿತೆಂದು ಒಂದು ತಿಂಗಳು ಬರೆದಿಡಿ. ಪರೀಕ್ಷಕರಿಗೆ ವಿಶೇಷಣಗಳಿಗಿಂತ ಆ ಕೋಷ್ಟಕ ಹೆಚ್ಚು ಉಪಯುಕ್ತ.

ಈ ವಿಷಯದಲ್ಲಿ ನಮ್ಮ ದೇಶದ ಮೂಲ ತೀರ್ಪು ಬಂದದ್ದು ಪಾತ್ರೆಗಳ ಕಸುಬಿನಿಂದಲೇ ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಂಡಿದೆ. ಲೋಹದ ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ಹಿಡಿದು ತಿರುಗಿಸುವ ಸಾಧನಕ್ಕೆ 1951ರಲ್ಲಿ ಪಡೆದಿದ್ದ ಪೇಟೆಂಟ್ ಒಂದರ ವ್ಯಾಜ್ಯವನ್ನು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಮಾನಿಸಿತು. ಕಾರ್ಖಾನೆಯಲ್ಲಿ ಅನುಭವವುಳ್ಳ ಯಾವ ಕೆಲಸಗಾರನಾದರೂ ಮಾಡಿಕೊಳ್ಳಬಹುದಾದ ಸಾಮಾನ್ಯ ಸುಧಾರಣೆಗೆ ಪೇಟೆಂಟ್ ಸಲ್ಲದು ಎಂದು ಹೇಳಿ ನ್ಯಾಯಾಲಯ ಆ ಪೇಟೆಂಟನ್ನು ಊರ್ಜಿತಗೊಳಿಸಲಿಲ್ಲ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಂ ಪ್ರಕರಣ ಎಂದು ಹೆಸರಾದ ಅದನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಹಾಗಾದರೆ ನಿಮ್ಮದು ಎನ್ನಬಹುದಾದದ್ದು ಡಬ್ಬಿಯ ಯಾವ ಭಾಗ? ಡಬ್ಬಿ ನಿಮ್ಮದಲ್ಲ, ಸಿಲಿಕಾ ಜೆಲ್ ನಿಮ್ಮದಲ್ಲ, ಮುಚ್ಚಳದಲ್ಲಿ ತೇವ ಹೀರುವ ವಸ್ತುವನ್ನಿಡುವ ಉಪಾಯವೂ ಹಳೆಯದು. ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕುವುದನ್ನು ನಮ್ಮ ಹಿರಿಯರೂ ಬಲ್ಲರು. ಉಳಿಯುವುದು ತಿರುಗುವ ಮುಚ್ಚಳಕ್ಕೂ ಸರಿಯುವ ತಟ್ಟೆಗೂ ಇರುವ ಸಂಬಂಧ ಮಾತ್ರ. ಅಷ್ಟೇ ಸಾಕು. ಟಪ್ಪರ್‌ವೇರ್ ಡಬ್ಬಿಗಳನ್ನು ರೂಪಿಸಿದ ಅಮೆರಿಕದ ಅರ್ಲ್ ಟಪ್ಪರ್ 1947ರಲ್ಲಿ ಅರ್ಜಿ ಹಾಕಿ 1949ರಲ್ಲಿ ಪಡೆದ ಪ್ರಸಿದ್ಧ ಪೇಟೆಂಟ್ ಕೂಡ ನಿಂತದ್ದು ಮುಚ್ಚಳ ಬಾಯಿಯ ಅಂಚನ್ನು ಹಿಡಿದು ಗಾಳಿಯನ್ನು ತಡೆಯುವ ರೀತಿಯ ಮೇಲೆ.

ಅರ್ಜಿಯ ಹೃದಯವೆನಿಸುವ ಭಾಗಕ್ಕೆ ಕ್ಲೇಮ್ ಎನ್ನುತ್ತಾರೆ. ಹೊಲದ ಗಡಿಕಲ್ಲಿನಂತೆ, ನಿಮ್ಮ ಹಕ್ಕು ಎಲ್ಲಿಯವರೆಗೆ ಎಂದು ಅದು ತೋರಿಸುತ್ತದೆ. ‘ತೇವ ಹೀರುವ ಡಬ್ಬಿ’ ಎಂದು ಬರೆದರೆ ಅದು ಈಗಾಗಲೇ ಇರುವ ವಸ್ತುವಾದ್ದರಿಂದ ಬಿದ್ದುಹೋಗುತ್ತದೆ. ‘ಆರು ತೂತುಗಳಿರುವ ನೀಲಿ ಪ್ಲಾಸ್ಟಿಕ್ ಮುಚ್ಚಳ’ ಎಂದು ಬರೆದರೆ ಪಕ್ಕದ ಊರಿನವರು ಏಳು ತೂತಿನ ಸ್ಟೀಲ್ ಮುಚ್ಚಳ ಮಾಡಿ ಮಾರುತ್ತಾರೆ, ನೀವು ನೋಡುತ್ತಾ ನಿಲ್ಲಬೇಕಾಗುತ್ತದೆ. ಇವೆರಡರ ನಡುವಿನ ಸರಿಯಾದ ಗಡಿಯನ್ನು ಹುಡುಕುವುದಕ್ಕೇ ನೋಂದಾಯಿತ ಪೇಟೆಂಟ್ ಏಜೆಂಟರ ನೆರವು ಬೇಕಾಗುವುದು.

ಅದಕ್ಕೂ ಮುಂಚೆ ಹುಡುಕಾಟವನ್ನು ನೀವೇ ಆರಂಭಿಸಬಹುದು. ಭಾರತೀಯ ಪೇಟೆಂಟ್ ಕಛೇರಿಯ ಜಾಲತಾಣ, ಯುರೋಪಿನ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮೂರೂ ಉಚಿತವಾಗಿವೆ. ಪದಗಳಿಂದ ಮಾತ್ರವಲ್ಲದೆ ವರ್ಗಸಂಖ್ಯೆಯಿಂದಲೂ ಹುಡುಕಿರಿ: ಡಬ್ಬಿ, ಭರಣಿಗಳದ್ದು ಬಿ65ಡಿ, ಅದರಲ್ಲೂ ತೇವ ಹೀರುವ ವ್ಯವಸ್ಥೆ ಇರುವವು 81/26ರ ಗುಂಪಿನಲ್ಲಿವೆ, ಅಡುಗೆಮನೆಯ ಉಪಕರಣಗಳದ್ದು ಎ47ಜೆ. ಹೋಲುವ ಚಿತ್ರವೊಂದು ಸಿಕ್ಕಿದರೆ ಎದೆಗುಂದಬೇಡಿ, ಅದರಲ್ಲಿ ಏನಿಲ್ಲ ಎಂಬುದನ್ನು ಬರೆದುಕೊಳ್ಳಿ. ಹುಡುಕಾಟದಿಂದ ಸಿಗುವ ನಿಜವಾದ ಲಾಭ ಆ ಬರಹವೇ.

ಇನ್ನು ಆ ಕೆಲಸಗಾರರ ವಿಷಯ. ಓರೆಯಾದ ತೋಡಿನ ಸೂಚನೆ ಅವರದೇ ಆಗಿದ್ದು, ಕ್ಲೇಮಿನಲ್ಲಿ ಆ ತೋಡು ಸೇರುವುದಾದರೆ, ಅವರೂ ಆವಿಷ್ಕಾರಕರು. ಅವರ ಹೆಸರನ್ನು ಅರ್ಜಿಯಲ್ಲಿ ಬರೆಯಿರಿ. ಹಕ್ಕನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂಬುದನ್ನು ಈಗಲೇ, ಪರಸ್ಪರ ವಿಶ್ವಾಸ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿರಿ. ಮುಂದೆ ಮಾದರಿ ಮಾಡಿಸಲು ಯಾರ ಬಳಿ ಹೋದರೂ ಗೋಪ್ಯತೆಯ ಒಂದು ಪುಟದ ಒಪ್ಪಂದಕ್ಕೆ ಮೊದಲು ಸಹಿ ಪಡೆಯಿರಿ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ತೇವ ಹೀರಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಸಿಲಿಕಾ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ವಸ್ತುವಿರುತ್ತದೆ. ಆಹಾರದ ಡಬ್ಬಿಗೆ ಅವು ಖಂಡಿತ ಬೇಡ.

ಪ್ರಶ್ನೆ: ನಾನು ಬಡಗಿ. ಅಟ್ಟ ಹತ್ತಲು ಬಿಚ್ಚಿದರೆ ಏಣಿ, ಮಡಚಿದರೆ ಗೋಡೆಗೆ ಒರಗುವ ಕಪಾಟು ಆಗುವಂತಹ ಸಾಮಾನೊಂದನ್ನು ಎರಡು ವರ್ಷಗಳಿಂದ ಮಾಡಿ ಮಾರುತ್ತಿದ್ದೇನೆ. ಈಗ ಬೇರೆಯವರೂ ಅದೇ ರೀತಿ ಮಾಡತೊಡಗಿದ್ದಾರೆ. ಪೇಟೆಂಟ್ ಪಡೆದು ಅವರನ್ನು ತಡೆಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ಈ ಉತ್ತರವನ್ನು ಬರೆಯಲು ನನಗೆ ನೋವಾಗುತ್ತದೆ. ಎರಡು ವರ್ಷ ಎಲ್ಲರೆದುರು ಮಾರಾಟವಾದ ವಸ್ತು ಕಾನೂನಿನ ದೃಷ್ಟಿಯಲ್ಲಿ ಹೊಸದಲ್ಲ. ಅದಕ್ಕೆ ಪೇಟೆಂಟೂ ಸಿಗದು, ಆಕಾರಕ್ಕೆ ಸಿಗುವ ವಿನ್ಯಾಸ ನೋಂದಣಿಯೂ ಸಿಗದು. ದುಡಿಯುವ ಕೈಗಳಿಗೆ ಈ ನಿಯಮ ತಿಳಿಯುವುದು ಬಹುತೇಕ ಕಾಲ ಮೀರಿದ ಮೇಲೆ. ಐಟಿಐ ಮತ್ತು ಕೈಗಾರಿಕಾ ತರಬೇತಿಗಳಲ್ಲಿ ಇದನ್ನು ಮೊದಲ ವಾರದಲ್ಲೇ ಹೇಳಿಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ನಿಮ್ಮ ಕೈಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಮೊದಲನೆಯದು, ಮಾರಾಟದ ರಸೀದಿಗಳು ಮತ್ತು ದಿನಾಂಕವಿರುವ ಛಾಯಾಚಿತ್ರಗಳು. ನಾಳೆ ಬೇರೊಬ್ಬರು ಇದೇ ವಸ್ತುವಿಗೆ ಪೇಟೆಂಟ್ ಕೇಳಿದರೆ 25ನೆಯ ಕಲಮಿನಂತೆ, ಮಂಜೂರಾತಿಗೆ ಮುಂಚೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಮಂಜೂರಾದ ಪ್ರಕಟಣೆಯ ನಂತರವೂ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ನಿಮ್ಮ ಹಳೆಯ ರಸೀದಿಯೇ ಅಲ್ಲಿ ಬಲವಾದ ಸಾಕ್ಷಿ. ನಿಮ್ಮ ವಸ್ತುವನ್ನು ನಿಮಗೇ ನಿಷೇಧಿಸುವ ಸ್ಥಿತಿ ಬರದಂತೆ ಅದು ಕಾಯುತ್ತದೆ. ಎರಡನೆಯದು, ನಿಮ್ಮ ಮುಂದಿನ ಸುಧಾರಣೆ. ಏಣಿಯ ಮೇಲೆ ಭಾರ ಬಿದ್ದಾಗ ತಾನಾಗಿಯೇ ಬಿಗಿಯಾಗುವ ಕೀಲು, ಅಥವಾ ಕಪಾಟಿನಲ್ಲಿ ಸಾಮಾನಿರುವಾಗ ಮಡಚು ಬಿಚ್ಚದಂತೆ ತಡೆಯುವ ಚಿಲಕ, ಇಂತಹದೇನಾದರೂ ನಿಮ್ಮ ಮನಸ್ಸಿನಲ್ಲಿದ್ದರೆ ಅದು ಇನ್ನೂ ಪೇಟೆಂಟಿಗೆ ಅರ್ಹವಾಗಬಹುದು. ಅದನ್ನು ಮಾರುವ ಮೊದಲು, ಗಿರಾಕಿಗೆ ತೋರಿಸುವ ಮೊದಲು ಅರ್ಜಿ ಹಾಕಿರಿ. ಜೊತೆಗೆ, ಗಿರಾಕಿಗಳು ನಿಮ್ಮ ಸಾಮಾನನ್ನು ಗುರುತಿಸುವ ಹೆಸರೊಂದಿದ್ದರೆ ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ.

ಜರ್ಮನಿ, ಚೀನಾ ಮುಂತಾದ ದೇಶಗಳಲ್ಲಿ ಇಂತಹ ಸಣ್ಣ ಸುಧಾರಣೆಗಳಿಗಾಗಿಯೇ ಯುಟಿಲಿಟಿ ಮಾಡೆಲ್ ಎಂಬ ಕಿರಿಯ ಹಕ್ಕಿದೆ. ಭಾರತದಲ್ಲಿ ಅದಿಲ್ಲ. ಇಲ್ಲಿ ಯಂತ್ರರಚನೆಗೆ ಪೇಟೆಂಟ್, ಕಣ್ಣಿಗೆ ಕಾಣುವ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆ, ಇವೆರಡೇ ದಾರಿ. ವಿನ್ಯಾಸದ ರಕ್ಷಣೆ 10 ವರ್ಷ, ಬಳಿಕ ಶುಲ್ಕ ಕಟ್ಟಿ ಇನ್ನೂ 5 ವರ್ಷ ವಿಸ್ತರಿಸಬಹುದು. ಆದರೆ ಕೆಲಸ ಮಾಡುವ ತತ್ತ್ವವನ್ನಾಗಲಿ ಕೀಲು, ಚಿಲಕಗಳ ಯಾಂತ್ರಿಕ ರಚನೆಯನ್ನಾಗಲಿ ಅದು ಕಾಯುವುದಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪೇಟೆಂಟಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ? ಒಂದು ಸಂಸ್ಥೆ 80 ಸಾವಿರ ರೂಪಾಯಿ ಮುಂಗಡ ಕೊಟ್ಟರೆ ಪೇಟೆಂಟ್ ಖಚಿತ ಎನ್ನುತ್ತಿದೆ.
— ಓದುಗರು, ಮೈಸೂರು

ಉತ್ತರ: ಪೇಟೆಂಟ್ ಖಚಿತ ಎನ್ನುವ ಅಧಿಕಾರ ಯಾವ ಖಾಸಗಿ ಸಂಸ್ಥೆಗೂ ಇಲ್ಲ. ಕೊಡುವುದೂ ನಿರಾಕರಿಸುವುದೂ ಪೇಟೆಂಟ್ ನಿಯಂತ್ರಕರು ಮಾತ್ರ. ಆ ಮಾತೊಂದೇ ಅವರನ್ನು ದೂರವಿಡಲು ಸಾಕಷ್ಟು ಕಾರಣ. ಅರ್ಜಿ ಸಂಖ್ಯೆ ಬಂದದ್ದನ್ನೋ ಅರ್ಜಿ ಪೇಟೆಂಟ್ ಕಛೇರಿಯ ಪತ್ರಿಕೆಯಲ್ಲಿ ಪ್ರಕಟವಾದದ್ದನ್ನೋ ಪೇಟೆಂಟ್ ಸಿಕ್ಕಿತೆಂದು ತೋರಿಸುವವರಿದ್ದಾರೆ. ಪ್ರಕಟಣೆ ಎಂಬುದು 18 ತಿಂಗಳಾದ ಮೇಲೆ ಬಹುತೇಕ ಎಲ್ಲ ಅರ್ಜಿಗಳಿಗೂ ಆಗುವ ಕ್ರಮ. ಪೇಟೆಂಟ್ ಇಲ್ಲದ ವಸ್ತುವಿಗೆ ಪೇಟೆಂಟ್ ಇದೆ ಎಂದು ಹೇಳಿ ಮಾರುವುದು ದಂಡಾರ್ಹವಾದ ತಪ್ಪು.

ಸರ್ಕಾರಿ ಶುಲ್ಕ ವ್ಯಕ್ತಿಗಳಿಗೆ ಬಹಳ ಕಡಿಮೆ ಇದೆ. ಅಂತರ್ಜಾಲದ ಮೂಲಕ ಸಲ್ಲಿಸಿದರೆ ಅರ್ಜಿಗೆ 1,600 ರೂಪಾಯಿ. ಇದರಲ್ಲಿ 30 ಪುಟ, 10 ಕ್ಲೇಮ್‌ಗಳವರೆಗೆ ಸೇರಿದೆ. ಆಲೋಚನೆ ಇನ್ನೂ ಪೂರ್ತಿ ಮಾಗಿಲ್ಲವಾದರೆ ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಬಹುದು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. ಅದರ ಶುಲ್ಕ 4,000 ರೂಪಾಯಿ. 2024ರ ಮಾರ್ಚ್‌ನ ತಿದ್ದುಪಡಿಯ ನಂತರ ಇದರ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ನಿಮಗೆ ಮುಖ್ಯವಾದ ಸಂಗತಿ ಎಂದರೆ, ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ 8,000 ರೂಪಾಯಿ ಕಟ್ಟಿ ತ್ವರಿತ ಪರೀಕ್ಷೆಯನ್ನು ಕೋರಬಹುದು. ಶಿರಸಿಯ ಸೋದರಿಗೂ ಈ ಮಾತು ಅನ್ವಯಿಸುತ್ತದೆ.

ಪೇಟೆಂಟ್ ದೊರೆತ ಮೇಲೆ, ಅರ್ಜಿಯ ದಿನದಿಂದ ಎಣಿಸಿದ ಮೂರನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗೆ ನವೀಕರಣ ಶುಲ್ಕವಿದೆ. ವ್ಯಕ್ತಿಗಳಿಗೆ ಅದು ವರ್ಷಕ್ಕೆ 800 ರೂಪಾಯಿಯಿಂದ ಆರಂಭವಾಗಿ ಕೊನೆಯ ಐದು ವರ್ಷಗಳಲ್ಲಿ 8,000 ರೂಪಾಯಿಗೆ ಏರುತ್ತದೆ. ಪೂರ್ತಿ ಅವಧಿಗೆ ಒಟ್ಟು 76,800 ರೂಪಾಯಿ. ವಸ್ತು ಮಾರಾಟವಾಗುತ್ತಿಲ್ಲವೆಂದು ಕಂಡರೆ ನವೀಕರಣವನ್ನು ನಿಲ್ಲಿಸಬಹುದು. ನಿಜವಾದ ಖರ್ಚು ಏಜೆಂಟರ ಸಂಭಾವನೆ. ಕೆಲಸವನ್ನು ಹುಡುಕಾಟ, ಬರವಣಿಗೆ, ಆಕ್ಷೇಪಗಳಿಗೆ ಉತ್ತರ ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಎಷ್ಟೆಂದು ಬರಹದಲ್ಲಿ ಕೇಳಿರಿ, ಅವರ ನೋಂದಣಿಯನ್ನು ಪೇಟೆಂಟ್ ಕಛೇರಿಯ ಪಟ್ಟಿಯಲ್ಲಿ ಪರಿಶೀಲಿಸಿರಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಛೇರಿಯ ವ್ಯಾಪ್ತಿಗೆ ಬರುತ್ತವೆ, ಆದರೆ ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಮೊದಲು ವಿಚಾರಿಸಿರಿ.

ಪ್ರಶ್ನೆ: ನಮ್ಮ ಅಜ್ಜಿ ಬೆಣ್ಣೆಯ ಗಡಿಗೆಯನ್ನು ಬೆಕ್ಕಿಗೂ ಇರುವೆಗೂ ಸಿಗದಂತೆ ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಈಗ ಅದನ್ನೇ ಯಾರಾದರೂ ಪೇಟೆಂಟ್ ಮಾಡಿಕೊಂಡರೆ ಗತಿಯೇನು?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಪರಂಪರೆಯಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಸಲ್ಲದು ಎಂದು 3ನೆಯ ಕಲಮಿನ (ಪಿ) ಭಾಗವೇ ಹೇಳುತ್ತದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ನೀಡಿದ್ದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಆ ವ್ಯಾಜ್ಯದಲ್ಲಿ ಗೆಲುವು ತಂದದ್ದು ಹಳೆಯ ಬರಹಗಳು. ನೆಲುವು, ಕಣಜ, ಹಗೇವು, ಗೋಡೆಯ ಮಾಡ ಇವುಗಳ ಅಳತೆ, ಕಟ್ಟುವ ಕ್ರಮ, ಬಳಸುವ ಹಗ್ಗ ಮತ್ತು ಮಣ್ಣಿನ ವಿವರಗಳನ್ನು ಚಿತ್ರದೊಂದಿಗೆ ಬರೆದು ಪ್ರಕಟಿಸುವುದು ನಿಮ್ಮಂತಹವರು ಮಾಡಬಹುದಾದ ಬೆಲೆಯುಳ್ಳ ಕೆಲಸ. ಪ್ರಕಟಣೆ ಆವಿಷ್ಕಾರಕರ ಹಕ್ಕನ್ನು ಕೆಡಿಸುತ್ತದೆ ಎಂದು ಮೇಲೆ ಎಚ್ಚರಿಸಿದೆ. ಎಲ್ಲರದಾದ ಜ್ಞಾನವನ್ನು ಎಲ್ಲರದಾಗಿಯೇ ಉಳಿಸುವುದು ಅದೇ ಪ್ರಕಟಣೆ.

ಹಳೆಯ ತತ್ತ್ವದಿಂದ ಹೊಸ ವಸ್ತು ಹುಟ್ಟಬಾರದೆಂದು ಇದರ ಅರ್ಥವಲ್ಲ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಎಲ್ಲರಿಗೂ ಗೊತ್ತು. ಗುಜರಾತಿನ ವಾಂಕಾನೇರಿನ ಕುಂಬಾರ ಮನ್‌ಸುಖ್‌ಭಾಯಿ ಪ್ರಜಾಪತಿ ಅದೇ ತತ್ತ್ವದಿಂದ, ಮೇಲಿನ ಕೋಣೆಯ ನೀರು ಪಕ್ಕದ ಗೋಡೆಗಳಲ್ಲಿ ಇಳಿದು ಆವಿಯಾಗುತ್ತಾ ತರಕಾರಿ, ಹಾಲುಗಳನ್ನು ವಿದ್ಯುತ್ತಿಲ್ಲದೆ ತಂಪಾಗಿಡುವ ಮಿಟ್ಟಿಕೂಲ್ ಎಂಬ ಮಣ್ಣಿನ ಫ್ರಿಜ್ ಮಾಡಿದರು. 2001ರ ಭೂಕಂಪದಲ್ಲಿ ಒಡೆದ ಗಡಿಗೆಯ ಚಿತ್ರಕ್ಕೆ ಪತ್ರಿಕೆಯೊಂದು ‘ಬಡವರ ಫ್ರಿಜ್ ಒಡೆಯಿತು’ ಎಂಬರ್ಥದ ಅಡಿಬರಹ ಕೊಟ್ಟದ್ದು ಅವರಿಗೆ ಪ್ರೇರಣೆಯಾಯಿತು. ಅವರ ಬೆನ್ನಿಗೆ ನಿಂತ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ 2000ದಲ್ಲಿ ಆರಂಭವಾದದ್ದು. ದೊಡ್ಡ ಓದು, ಸಂಸ್ಥೆಯ ಬೆಂಬಲ ಇಲ್ಲದ ಆವಿಷ್ಕಾರಕರಿಗೆ ಪೇಟೆಂಟ್ ಅರ್ಜಿಯಲ್ಲಿ ಅದು ನೆರವಾಗುತ್ತದೆ.

ಪ್ರಶ್ನೆ: ನನ್ನ ಪಾತ್ರೆ ಒರಗಿಸುವ ಸ್ಟ್ಯಾಂಡಿಗೆ ಪೇಟೆಂಟ್ ಸಿಕ್ಕಿದೆ. ತಯಾರಕರೊಬ್ಬರು ಒಂದೇ ಬಾರಿಗೆ ಹಣ ಕೊಟ್ಟು ಹಕ್ಕನ್ನೆಲ್ಲ ಕೊಳ್ಳುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
— ಓದುಗರು, ಬೆಳಗಾವಿ

ಉತ್ತರ: ನೀವೇ ಅಚ್ಚು ಮಾಡಿಸಿ ಮಾರುವ ಶಕ್ತಿ ಇಲ್ಲದಿದ್ದರೆ ಒಪ್ಪುವುದರಲ್ಲಿ ತಪ್ಪಿಲ್ಲ. ಆದರೂ ಪೂರ್ಣ ಹಕ್ಕು ವರ್ಗಾಯಿಸುವುದಕ್ಕಿಂತ, ಪ್ರತಿ ವಸ್ತುವಿನ ಮಾರಾಟಕ್ಕೆ ಇಂತಿಷ್ಟು ಎಂಬ ಪರವಾನಗಿಯನ್ನು ಮೊದಲು ಕೇಳಿರಿ. ಒಂದು ವರ್ಷದೊಳಗೆ ತಯಾರಿಕೆ ಆರಂಭವಾಗದಿದ್ದರೆ ಹಕ್ಕು ನಿಮಗೆ ಮರಳಬೇಕೆಂಬ ಷರತ್ತನ್ನು ಬಿಡಬೇಡಿ, ಏಕೆಂದರೆ ಕೊಂಡು ಮೂಲೆಗಿಡುವವರೂ ಇದ್ದಾರೆ. ಬಾಯಿಮಾತಿನ ವರ್ಗಾವಣೆ ಸಿಂಧುವಲ್ಲ. ಅದು ಬರಹದಲ್ಲಿರಬೇಕು, ಪೇಟೆಂಟ್ ಕಛೇರಿಯಲ್ಲಿ ದಾಖಲಾಗಬೇಕು. ಮಾರಾಟದ ಜಾಣ್ಮೆಯನ್ನೂ ಕಡಿಮೆಯಾಗಿ ಎಣಿಸಬೇಡಿ. ಟಪ್ಪರ್ ಅವರ ಡಬ್ಬಿಗಳು ಅಂಗಡಿಗಳಲ್ಲಿ ಅಷ್ಟಾಗಿ ಹೋಗಲಿಲ್ಲ; ಬ್ರೌನಿ ವೈಸ್ ಎಂಬ ಮಹಿಳೆ ಮನೆಮನೆಯಲ್ಲಿ ಹೆಂಗಸರನ್ನು ಸೇರಿಸಿ ಮುಚ್ಚಳ ಹೇಗೆ ಕೂಡುತ್ತದೆಂದು ಕೈಯಿಂದ ಮಾಡಿ ತೋರಿಸಿದ ಮೇಲೆ ಅವು ಜನರ ಮನೆ ಸೇರಿದವು.

ಪ್ರಶ್ನೆ: ಕುಕ್ಕರಿನ ಗ್ಯಾಸ್ಕೆಟ್, ವಿಶಲ್, ಮುಚ್ಚಳಗಳನ್ನು ಒಟ್ಟಿಗೆ ಒಣಗಿಸಿ ಇಡುವ ಸಾಧನವನ್ನು ನಾನೂ ಮಂಡ್ಯದಲ್ಲಿರುವ ನನ್ನ ತಾಯಿಯೂ ಸೇರಿ ರೂಪಿಸಿದ್ದೇವೆ. ಮೂರು ತಿಂಗಳ ಹಿಂದೆ ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅದನ್ನು ಎಲ್ಲರಿಗೂ ತೋರಿಸಿದೆ. ಎಲ್ಲಿ ಅರ್ಜಿ ಹಾಕಬೇಕು?
— ಓದುಗರು, ಡಲ್ಲಾಸ್, ಅಮೆರಿಕ

ಉತ್ತರ: ಆವಿಷ್ಕಾರಕರು ತಾವೇ ಪ್ರಕಟಿಸಿದ ದಿನದಿಂದ ಒಂದು ವರ್ಷದವರೆಗೆ ಅರ್ಜಿ ಹಾಕಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ. ಆದ್ದರಿಂದ ಅಲ್ಲಿ ನಿಮಗೆ ಇನ್ನೂ ಒಂಬತ್ತು ತಿಂಗಳಿವೆ. ಭಾರತದಲ್ಲಿ ಆ ಬಾಗಿಲು ಸಂಘದ ಕಾರ್ಯಕ್ರಮದ ದಿನವೇ ಮುಚ್ಚಿತೆಂದು ತಿಳಿಯಿರಿ.

ಇದಕ್ಕಿಂತ ತುರ್ತಾದ ವಿಷಯ ಇನ್ನೊಂದಿದೆ. ತಾಯಿಯವರು ಭಾರತದ ನಿವಾಸಿಯಾಗಿರುವುದರಿಂದ, ಅವರು ಸಹ-ಆವಿಷ್ಕಾರಕರಾಗಿರುವ ಅರ್ಜಿಯನ್ನು ಹೊರದೇಶದಲ್ಲಿ ಮೊದಲು ಸಲ್ಲಿಸಲು 39ನೆಯ ಕಲಮಿನ ಪ್ರಕಾರ ಭಾರತದ ಪೇಟೆಂಟ್ ಕಛೇರಿಯ ಲಿಖಿತ ಅನುಮತಿ ಬೇಕು. ನಮೂನೆ 25ರಲ್ಲಿ ಕೋರಿದರೆ ಸಾಮಾನ್ಯವಾಗಿ 21 ದಿನಗಳೊಳಗೆ ಅದು ಇತ್ಯರ್ಥವಾಗಬೇಕೆಂದು ನಿಯಮವಿದೆ. ಅನುಮತಿಯ ಗೊಡವೆ ಬೇಡವೆಂದು ತಾಯಿಯವರ ಹೆಸರನ್ನೇ ಬಿಟ್ಟುಬಿಡುವ ಯೋಚನೆ ಮಾಡಬೇಡಿ. ಅಮೆರಿಕದ ಅರ್ಜಿಯಲ್ಲಿ ಆವಿಷ್ಕಾರಕರೆಲ್ಲರ ಹೆಸರೂ ಇರಲೇಬೇಕು, ಪ್ರತಿಯೊಬ್ಬರೂ ಘೋಷಣಾಪತ್ರಕ್ಕೆ ಸಹಿ ಹಾಕಬೇಕು. ನಮೂನೆಯನ್ನು ಈ ವಾರವೇ ಮಂಡ್ಯಕ್ಕೆ ಕಳುಹಿಸಿ ತಾಯಿಯವರ ಸಹಿ ಪಡೆಯಿರಿ, ಯಾವ ಭಾಗವನ್ನು ಅವರು ಯಾವಾಗ ಸೂಚಿಸಿದರು ಎಂಬುದನ್ನು ಅವರ ಮಾತಿನಲ್ಲೇ ಬರೆಸಿ ದಿನಾಂಕ ಹಾಕಿಸಿ ಇಟ್ಟುಕೊಳ್ಳಿರಿ.